ಈ ವಾರದ ಪಟ್ಟಿ: ಯಾವ ಹಾಡು, ಅದರಲ್ಲಿ ಯಾವ ಜಾಗ

ಪ್ರತಿ ವಾರ ಕೇಳಿದ ರಾಕ್ ಮತ್ತು ಪಾಪ್ ಹಾಡುಗಳಲ್ಲಿ ಆರನ್ನು ಆರಿಸಿ ಪಟ್ಟಿ ಮಾಡುವುದು ನನ್ನ ಹಳೆಯ ಅಭ್ಯಾಸ. ಆರಿಸುವುದಕ್ಕೆ ನಾನು ಹಾಕಿಕೊಂಡಿರುವ ಮುಖ್ಯ ಕಟ್ಟಳೆ ಒಂದೇ: ಹಾಡು ಇಷ್ಟವಾಯಿತು ಎಂದರೆ ಸಾಲದು, ಯಾವ ಜಾಗದಲ್ಲಿ ಇಷ್ಟವಾಯಿತು ಎಂದು ಬೆರಳಿಟ್ಟು ತೋರಿಸಲು ಬರಬೇಕು. ಅದು ಒಂದು ಡ್ರಮ್ ಪೆಟ್ಟಾಗಿರಬಹುದು, ಗಾಯಕಿ ಉಸಿರೆಳೆದುಕೊಳ್ಳುವ ಸದ್ದಾಗಿರಬಹುದು, ಪಲ್ಲವಿ ಮರಳುವ ಮುನ್ನ ಎಲ್ಲ ವಾದ್ಯಗಳೂ ಅರೆಗಳಿಗೆ ಸುಮ್ಮನಾಗುವುದಿರಬಹುದು. ಅಂಥ ಜಾಗ ಸಿಗದ ಹಾಡು ಎಷ್ಟೇ ಹೆಸರು ಮಾಡಿರಲಿ, ನನ್ನ ಪಟ್ಟಿಗೆ ಬರುವುದಿಲ್ಲ. ‘ಒಟ್ಟಾರೆ ಚೆನ್ನಾಗಿದೆ’ ಎನ್ನುವ ಮಾತಿನ ಮೇಲೆ ನನಗೆ ನಂಬಿಕೆಯಿಲ್ಲ. ಬೇರೆ ಕೆಲಸ ಮಾಡುತ್ತ ಅರ್ಧ ಕಿವಿಯಲ್ಲಿ ಕೇಳಿದವರು ಆಡುವ ಮಾತು ಅದು.

ನನ್ನ ವಾರ ಶುಕ್ರವಾರಕ್ಕೆ ಶುರುವಾಗುತ್ತದೆ. 2015ರ ಜುಲೈ 10ರಿಂದ ಹೊಸ ಸಂಗೀತ ಜಗತ್ತಿನಾದ್ಯಂತ ಶುಕ್ರವಾರವೇ ಬಿಡುಗಡೆಯಾಗುವ ಪದ್ಧತಿ ಬಂದಿದೆ. ಅದಕ್ಕೆ ಮೊದಲು ಬ್ರಿಟನ್ನಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ ಬರುತ್ತಿತ್ತು. ಆ ದಿನ ಹೊಸದನ್ನೆಲ್ಲ ಕೇಳುತ್ತೇನೆ, ಆದರೆ ಯಾವುದನ್ನೂ ಅದೇ ವಾರದ ಪಟ್ಟಿಗೆ ಸೇರಿಸುವುದಿಲ್ಲ. ಇದಕ್ಕೆ ಕಾರಣವಿದೆ. ಹಾಡು ಕೇಳಿಸುವ ಸ್ಪಾಟಿಫೈ ಆ್ಯಪಿನಲ್ಲಿ ಒಂದು ಹಾಡನ್ನು ಕನಿಷ್ಠ 30 ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಸಲ ಕೇಳಿದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಈಗಿನ ಎಷ್ಟೋ ಪಾಪ್ ಹಾಡುಗಳಲ್ಲಿ ಇರುವ ಬಂಡವಾಳವನ್ನೆಲ್ಲ ಮೊದಲ ಅರ್ಧ ನಿಮಿಷದಲ್ಲೇ ಸುರಿದಿರುವಂತೆ ನನಗೆ ಕೇಳಿಸುತ್ತದೆ. ಮೊದಲ ಸಲ ಕೇಳುವಾಗ ಆ ಅರ್ಧ ನಿಮಿಷವೇ ನಮ್ಮನ್ನು ಮರುಳು ಮಾಡುತ್ತದೆ, ಉಳಿದ ಎರಡೂವರೆ ನಿಮಿಷಕ್ಕೆ ಪರೀಕ್ಷೆಯೇ ನಡೆಯುವುದಿಲ್ಲ. ಒಂದು ವಾರ ಸುಮ್ಮನೆ ಬಿಟ್ಟು ನೋಡುತ್ತೇನೆ. ಮೊಬೈಲ್ ಮುಟ್ಟದೆ ಇದ್ದಾಗಲೂ ಹಾಡು ತಾನಾಗಿ ನೆನಪಿಗೆ ಬಂದರೆ, ಅದೂ ಪಲ್ಲವಿಯನ್ನು ಬಿಟ್ಟು ಬೇರೆ ಭಾಗ ನೆನಪಿಗೆ ಬಂದರೆ, ಮುಂದಿನ ಶುಕ್ರವಾರ ಮತ್ತೆ ಕೇಳುತ್ತೇನೆ. ಬಹುಪಾಲು ಹಾಡುಗಳು ಬರುವುದಿಲ್ಲ.

ಕೇಳುವ ಕ್ರಮದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ವಿಷಯ ಸಾಕು. ಒಂದು, ಎಲ್ಲ ಹಾಡುಗಳನ್ನೂ ಒಂದೇ ಮಟ್ಟದ ಸದ್ದಿನಲ್ಲಿ ಕೇಳಬೇಕು. ಕಿವಿಯ ಸ್ವಭಾವವೇ ಹಾಗೆ, ಎರಡರಲ್ಲಿ ತುಸು ಜೋರಾಗಿರುವುದನ್ನೇ ಅದು ಮೆಚ್ಚುತ್ತದೆ. ಈಚಿನ ಧ್ವನಿಮುದ್ರಣಗಳನ್ನು ಹಳೆಯವುಗಳಿಗಿಂತ ಜೋರಾಗಿ ತಯಾರಿಸಿರುತ್ತಾರೆ. ಆ್ಯಪ್‌ಗಳ ಸೆಟ್ಟಿಂಗಿನಲ್ಲಿ ಸದ್ದಿನ ಮಟ್ಟ ಸಮಗೊಳಿಸುವ ಆಯ್ಕೆ ಇರುತ್ತದೆ, ಅದನ್ನು ಚಾಲೂ ಇಟ್ಟುಕೊಂಡರೆ 1977ರ ಹಾಡಿಗೂ ಮೊನ್ನೆಯ ಹಾಡಿಗೂ ನ್ಯಾಯ ಸಿಗುತ್ತದೆ. ಎರಡು, ಹೆಡ್‌ಫೋನ್‌ನಲ್ಲಿ ಕೇಳಿದ್ದನ್ನು ಒಮ್ಮೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲೂ ಕೇಳುತ್ತೇನೆ. ಅಲ್ಲಿ ತಳದ ಸ್ವರಗಳೆಲ್ಲ ಮಾಯವಾಗುತ್ತವೆ. ಹಾಡಿನ ಎಲುಬು ಎಲ್ಲಿದೆ ಎಂದು ಆಗ ಗೊತ್ತಾಗುತ್ತದೆ.

ಹಾಗೆ ಗೊತ್ತಾದದ್ದರಿಂದಲೇ ಈ ವಾರದ ಮೊದಲ ಆಯ್ಕೆ ಪ್ರಿನ್ಸ್‌ನ ‘ವೆನ್ ಡವ್ಸ್ ಕ್ರೈ’. 1984ರ ಈ ಹಾಡಿನಲ್ಲಿ ತಳದ ಸ್ವರಗಳನ್ನು ನುಡಿಸುವ ಬೇಸ್ ಗಿಟಾರೇ ಇಲ್ಲ. ಎಲ್ಲ ವಾದ್ಯಗಳನ್ನೂ ಪ್ರಿನ್ಸ್ ತಾನೇ ನುಡಿಸಿದ್ದ, ಬೇಸನ್ನೂ ನುಡಿಸಿದ್ದ, ಆಮೇಲೆ ಅದನ್ನು ತೆಗೆದುಹಾಕಿದ. ಕುಣಿಯುವುದಕ್ಕೆಂದು ಮಾಡಿದ ಹಾಡಿನಿಂದ ಬೇಸ್ ತೆಗೆಯುವುದು ಆ ಕಾಲಕ್ಕೆ ಹುಚ್ಚುತನ. ಆದರೂ ಅಮೆರಿಕದಲ್ಲಿ ಅದು ಐದು ವಾರ ಮೊದಲ ಸ್ಥಾನದಲ್ಲಿತ್ತು. ಮೊಬೈಲ್ ಸ್ಪೀಕರಿನಲ್ಲಿ ಬೇರೆ ಹಾಡುಗಳೆಲ್ಲ ಬಡಕಲಾಗುವಾಗ ಇದು ಮಾತ್ರ ಹೆಚ್ಚು ಬದಲಾಗುವುದಿಲ್ಲ, ಕಳೆದುಕೊಳ್ಳಲು ಇದ್ದರಲ್ಲವೇ! ನಾನು ಗುರುತು ಹಾಕಿದ ಜಾಗ ಮೊದಲ ಚರಣದ ಆರಂಭ. ಆರಂಭದ ಗಿಟಾರ್ ಅಬ್ಬರ ಮುಗಿದು ಡ್ರಮ್ ಯಂತ್ರದ ಪೆಟ್ಟುಗಳ ಮೇಲೆ ಬರೀ ದನಿ ಉಳಿಯುತ್ತದೆ. ಈಗ ಬೇಸ್ ಬರಬೇಕು ಎಂದು ಮೈ ಕಾಯುತ್ತದೆ. ಬರುವುದಿಲ್ಲ. ಮುಂದಿನ ಸಾಲಿಗೂ ಬರುವುದಿಲ್ಲ. ಮುರಿದ ಸಂಬಂಧವೊಂದರ ಹಾಡಿಗೆ ಇದಕ್ಕಿಂತ ಸರಿಯಾದ ಖಾಲಿತನ ನನಗೆ ಬೇರೆಲ್ಲೂ ಕೇಳಿಲ್ಲ.

ಎರಡನೆಯದು ಲೆಡ್ ಜೆಪ್ಲಿನ್ ತಂಡದ ‘ವೆನ್ ದ ಲೆವೀ ಬ್ರೇಕ್ಸ್’, 1971ರದ್ದು. ಜಾಗ: ಆರಂಭ, ಬೇರೆ ಯಾವ ವಾದ್ಯವೂ ಸೇರುವ ಮೊದಲಿನ ಡ್ರಮ್. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಕಟ್ಟಡದಲ್ಲಿ ಜಾನ್ ಬಾನಮ್‌ನ ಡ್ರಮ್‌ಗಳನ್ನು ಮೆಟ್ಟಿಲ ಬುಡದ ಹಜಾರದಲ್ಲಿಟ್ಟು, ಮೇಲಂತಸ್ತಿನಿಂದ ಎರಡು ಮೈಕುಗಳನ್ನು ಇಳಿಬಿಟ್ಟು ಧ್ವನಿಮುದ್ರಿಸಿದರು. ಡ್ರಮ್ಮಿನ ಹತ್ತಿರ ಮೈಕ್ ಇಟ್ಟರೆ ಚರ್ಮಕ್ಕೆ ಕೋಲು ತಗುಲಿದ ಸದ್ದು ಸಿಗುತ್ತದೆ. ದೂರ ಇಟ್ಟರೆ ಗೋಡೆ, ಮೆಟ್ಟಿಲು, ಸೂರು ಎಲ್ಲ ಸೇರಿ ಕೊಟ್ಟ ಉತ್ತರ ಸಿಗುತ್ತದೆ. ಒಂದೊಂದು ಪೆಟ್ಟಿನ ಹಿಂದೆಯೂ ಆ ಕಟ್ಟಡ ನಿಂತಿರುವುದು ಕೇಳಿಸುತ್ತದೆ. ಮೂಲ ಹಾಡು 1929ರದ್ದು, ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್ ಎಂಬ ದಂಪತಿಗಳದ್ದು, ಅದಕ್ಕೆ ಎರಡು ವರ್ಷ ಹಿಂದೆ ಮಿಸಿಸಿಪಿ ನದಿ ಒಡ್ಡು ಒಡೆದು ಹರಿದ ಮಹಾಪ್ರವಾಹದ ಕುರಿತದ್ದು. ಅದನ್ನು ಕೇಳಿ ಬಂದು ಈ ಡ್ರಮ್ ಕೇಳಿದರೆ ನೀರಿನ ಭಾರ ಎಂಥದ್ದೆಂದು ತಿಳಿಯುತ್ತದೆ. ಇನ್ನೊಂದು ವಿಷಯ: ಇದರಲ್ಲಿ ಹಾಡುವ ದನಿ ಬರುವುದಕ್ಕೇ ಒಂದು ನಿಮಿಷಕ್ಕಿಂತ ಹೆಚ್ಚು ಕಾಯಬೇಕು. ಮೂವತ್ತು ಸೆಕೆಂಡಿನ ಲೆಕ್ಕಾಚಾರದವರು ಇದನ್ನು ಇಂದು ಬಿಡುಗಡೆ ಮಾಡಲು ಒಪ್ಪುತ್ತಿದ್ದರೇ ಎಂಬುದು ನನ್ನ ಸಂಶಯ.

ಇಷ್ಟು ಭಾರದ ಹಾಡಿನ ಹಿಂದೆ ಏನನ್ನು ಇಡುವುದು ಎಂಬುದೇ ಒಂದು ಕೆಲಸ. ಮತ್ತೊಂದು ಅಬ್ಬರದ ಹಾಡು ಇಟ್ಟರೆ ಎರಡೂ ಸಪ್ಪೆಯಾಗುತ್ತವೆ. ಫ್ಲೀಟ್‌ವುಡ್ ಮ್ಯಾಕ್ ತಂಡದ ‘ಡ್ರೀಮ್ಸ್’ ಇಟ್ಟೆ. 1977ರ ಈ ಹಾಡು ಹೆಚ್ಚುಕಡಿಮೆ ಎರಡೇ ಕಾರ್ಡುಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳ) ಮೇಲೆ ನಡೆಯುತ್ತದೆ. ಗಿಟಾರ್ ಕಲಿಯಲು ಕೂತವರೂ ನುಡಿಸಬಲ್ಲರು. ಕಾರ್ಡು ಬದಲಾಗದಿದ್ದರೂ ಪಲ್ಲವಿ ಬಂದಾಗ ಆಕಾಶ ತೆರೆದುಕೊಂಡಂತಾಗುವುದೇಕೆ ಎಂದು ಹುಡುಕುತ್ತ ಹೋದೆ. ಉತ್ತರ ದನಿಗಳಲ್ಲಿದೆ. ಚರಣದಲ್ಲಿ ಸ್ಟೀವಿ ನಿಕ್ಸ್ ಮುಂದೆ ನಿಂತು ಹೆಚ್ಚುಕಡಿಮೆ ಒಬ್ಬಳೇ ಹಾಡುತ್ತಾಳೆ. ಪಲ್ಲವಿಯಲ್ಲಿ ತಂಡದ ಉಳಿದ ದನಿಗಳು ಅಕ್ಕಪಕ್ಕಕ್ಕೆ ಬಂದು ನಿಲ್ಲುತ್ತವೆ. ಆ ದನಿಗಳು ಸೇರುವ ಮೊದಲ ಶಬ್ದ ನನ್ನ ಜಾಗ. ಈ ತಂಡಕ್ಕೆ ಅಮೆರಿಕದಲ್ಲಿ ಮೊದಲ ಸ್ಥಾನ ತಂದುಕೊಟ್ಟ ಒಂದೇ ಒಂದು ಹಾಡು ಇದು.

‘ಡಾನ್ಸಿಂಗ್ ಕ್ವೀನ್’ ಬಗ್ಗೆ ಬರೆಯುವುದಕ್ಕೆ ಕೆಲವರು ಸಂಕೋಚಪಡುತ್ತಾರೆ, ರಾಕ್ ಕೇಳುವವರು ಅಬ್ಬಾ ತಂಡವನ್ನು ಮೆಚ್ಚಿದರೆ ಗೌರವಕ್ಕೆ ಕಡಿಮೆ ಎಂಬಂತೆ. ನನಗೆ ಆ ಸಂಕೋಚವಿಲ್ಲ. 1976ರ ಈ ಹಾಡಿನ ಆರಂಭವೇ ಒಂದು ಪಾಠ: ಪಿಯಾನೊದ ಮೇಲೆ ಬೆರಳು ಜಾರಿಸಿದ ಒಂದು ಸದ್ದು, ಆಮೇಲೆ ಸ್ವಲ್ಪ ಹೊತ್ತಿಗೆ ಪಲ್ಲವಿ, ಅದೂ ಮೊದಲಿನಿಂದಲ್ಲ, ಅರ್ಧದಿಂದ. ಪೂರ್ತಿ ಪಲ್ಲವಿಗಾಗಿ ಮೊದಲ ಚರಣ ಮುಗಿಯುವ ತನಕ ಕಾಯಬೇಕು. ಕೇಳುಗರನ್ನು ಬೇಗ ಸೆಳೆಯಲೇಬೇಕಿದ್ದರೆ ಹೀಗೆ ಸೆಳೆಯಲಿ.

ಪಟ್ಟಿಯಲ್ಲಿ ತೀರ ಈಚಿನದು ಬಿಲ್ಲಿ ಐಲಿಷ್‌ಳ 2019ರ ‘ಬ್ಯಾಡ್ ಗೈ’. ಅಣ್ಣ ಫಿನಿಯಸ್ ಜೊತೆ ಮನೆಯ ಮಲಗುವ ಕೋಣೆಯಲ್ಲಿ ಮಾಡಿದ ಆಲ್ಬಮ್ಮಿನದು. ಸಿಡ್ನಿಯಲ್ಲಿ ಪಾದಚಾರಿಗಳು ರಸ್ತೆ ದಾಟುವಲ್ಲಿನ ಸಿಗ್ನಲ್ಲಿನ ಟಕಟಕ ಸದ್ದನ್ನು ತಾಳಕ್ಕೆ ಸೇರಿಸಿದ್ದಾರೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಅವಳು ತಣ್ಣಗೆ ಆಡುವ ‘ಡಹ್’ ಎಂಬ ಉದ್ಗಾರವನ್ನು. ನನ್ನ ಜಾಗ ಕೊನೆಯಲ್ಲಿ, ಹಾಡು ಮುಗಿಯಿತು ಎನ್ನುವಾಗ ವೇಗ ಇಳಿದು ಬೇರೆಯೇ ಹಾಡೊಂದು ತಲೆಯೆತ್ತುವಲ್ಲಿ. ಆ ಭಾಗವನ್ನು ಕೇಳದೆ ಮುಂದಕ್ಕೆ ಓಡಿಸುವವರು ಇದ್ದಾರೆ ಎಂದು ಬಲ್ಲೆ. ಅವರೊಡನೆ ವಾದಿಸುವುದನ್ನು ಬಿಟ್ಟಿದ್ದೇನೆ.

ಕೊನೆಗೆ ಬೀಟಲ್ಸ್‌ನ ‘ಎ ಡೇ ಇನ್ ದ ಲೈಫ್’, 1967. ಇದನ್ನು ಪಟ್ಟಿಯಲ್ಲಿ ಕೊನೆಗಲ್ಲದೆ ಬೇರೆಲ್ಲೂ ಇಡಲು ಬರುವುದಿಲ್ಲ. ನನ್ನ ಜಾಗ ಹಾಡಿನ ಕೊನೆಯ ನಾದ: ಹಲವು ಪಿಯಾನೊಗಳ ಮೇಲೆ ಒಟ್ಟಿಗೆ ಒಂದೇ ಕಾರ್ಡನ್ನು ಬಾರಿಸಿ, ನಾದ ಇಳಿದಂತೆಲ್ಲ ಧ್ವನಿಮುದ್ರಣದ ಮಟ್ಟವನ್ನು ಏರಿಸುತ್ತ ಹೋದದ್ದರಿಂದ ಅದು 40 ಸೆಕೆಂಡಿಗೂ ಹೆಚ್ಚು ಹೊತ್ತು ಬದುಕಿರುತ್ತದೆ. ಮಟ್ಟ ಅಷ್ಟು ಏರಿಸಿದ್ದರಿಂದ ಸ್ಟುಡಿಯೊದಲ್ಲಿ ಕುರ್ಚಿ ಕಿರುಗುಟ್ಟಿದ್ದೂ ಸಿಕ್ಕಿಬಿದ್ದಿದೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ತಿಳಿಯುತ್ತದೆ, ಮೊಬೈಲ್ ಸ್ಪೀಕರಿನಲ್ಲಿ ಖಂಡಿತ ಇಲ್ಲ.

ಅಂಚಿನಲ್ಲಿ ನಿಂತು ಹೊರಗುಳಿದದ್ದು ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’. ನಾಣ್ಯಗಳ ಮತ್ತು ಗಲ್ಲಾಪೆಟ್ಟಿಗೆಯ ಸದ್ದನ್ನು ಟೇಪಿನಲ್ಲಿ ಜೋಡಿಸಿ ಅವರು ಕಟ್ಟಿದ ಏಳು ಮಾತ್ರೆಗಳ ನಡೆ, ಕರ್ನಾಟಕ ಸಂಗೀತದ ಏಳು ಮಾತ್ರೆಯ ಮಿಶ್ರಛಾಪು ತಾಳ ಕೇಳಿ ಬೆಳೆದ ಕಿವಿಗೆ ಅಷ್ಟೇನೂ ಪರಕೀಯವಲ್ಲ. ಗಿಟಾರಿನ ಭಾಗ ಬಂದಾಗ ನಡೆ ನಾಲ್ಕಕ್ಕೆ ಬದಲಾಗುತ್ತದೆ, ಆ ತಿರುವೇ ನನ್ನ ಜಾಗವಾಗಬೇಕಿತ್ತು. ಆದರೆ ಈ ವಾರ ಕೇಳಿದಾಗಲೆಲ್ಲ ನನ್ನ ಬೆರಳು ತೊಡೆಯ ಮೇಲೆ ಮಾತ್ರೆ ಎಣಿಸುತ್ತಲೇ ಇತ್ತು. ಲೆಕ್ಕ ಹಾಕುತ್ತಿರುವಷ್ಟು ಹೊತ್ತು ಹಾಡು ಇಷ್ಟವಾಯಿತೋ ಇಲ್ಲವೋ ಹೇಳಲಾಗುವುದಿಲ್ಲ. ಮುಂದಿನ ಶುಕ್ರವಾರದ ಸಾಲಿನಲ್ಲಿ ಅದನ್ನು ಮತ್ತೆ ಹಾಕಿದ್ದೇನೆ.