ಹಳೆಯ ಜಲವರ್ಣ ಚಿತ್ರದ ಬೆನ್ನು ಓದುವುದು ಹೇಗೆ

ಲಂಡನ್ನಿನಲ್ಲಿ ಚಿತ್ರಗಳಿಗೆ ಫ್ರೇಮ್ ಹಾಕುವುದು ನನ್ನ ಕೆಲಸ. ಯಾರಾದರೂ ಹಳೆಯ ಜಲವರ್ಣ ಚಿತ್ರ ತಂದರೆ ಮೊದಲು ಅದನ್ನು ಬೋರಲು ಹಾಕುತ್ತೇನೆ. ಹಿಂದೆ ಅಂಟಿಸಿದ ಚೀಟಿಯಲ್ಲಿ ಕಲಾವಿದರ ಹೆಸರಿನ ಮುಂದೆ ಆರ್‌ಡಬ್ಲ್ಯೂಎಸ್ ಅಂತ ಇದ್ದರೆ ಅವರು ಜಲವರ್ಣ ಕಲಾವಿದರ ಸಂಘವಾದ ರಾಯಲ್ ವಾಟರ್‌ಕಲರ್ ಸೊಸೈಟಿಯ ಪೂರ್ಣ ಸದಸ್ಯರು. ಎಆರ್‌ಡಬ್ಲ್ಯೂಎಸ್ ಅಂತಿದ್ದರೆ ಅಸೋಸಿಯೇಟ್, ಅಂದರೆ ಇನ್ನೂ ಮೊದಲ ಮೆಟ್ಟಿಲು.

ಚೀಟಿ ಓದಲು ಆತುರ ಬೇಡ. ಕೈ ಹಾಕುವ ಮುಂಚೆ ಫೋಟೋ ತೆಗೆದುಕೊಳ್ಳಿ. ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ, ಶಾಯಿ ಹರಡಿಬಿಡುತ್ತದೆ. ಅಕ್ಷರ ಮಾಸಿದ್ದರೆ ಟಾರ್ಚನ್ನು ಪಕ್ಕದಿಂದ, ಕಾಗದಕ್ಕೆ ತಾಗುವಷ್ಟು ಕೆಳಗೆ ಹಿಡಿಯಿರಿ. ನಿಬ್ಬು ಒತ್ತಿದ ಗೆರೆಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ಕಳೆದ ಚಳಿಗಾಲದಲ್ಲಿ ಹೆಸರೇ ಅಳಿಸಿಹೋಗಿದ್ದ ಒಂದು ಚೀಟಿಯಲ್ಲಿ ನನಗೆ ಹೀಗೆ ಸಿಕ್ಕಿದ್ದು "5, ಪಾಲ್ ಮಾಲ್ ಈಸ್ಟ್" ಎಂಬ ವಿಳಾಸ. ಚೀಟಿಯ ಕಾಲ ಅಂದಾಜಿಸಲು ಅಷ್ಟೇ ಸಾಕಾಯಿತು. 1823ರಿಂದ 1938ರವರೆಗೆ ಸೊಸೈಟಿ ಇದ್ದ ಜಾಗ ಅದು. ಆಮೇಲೆ ಕಾಂಡ್ಯೂಟ್ ಸ್ಟ್ರೀಟ್. 1980ರಿಂದ ಥೇಮ್ಸ್ ದಡದ ಬ್ಯಾಂಕ್‌ಸೈಡ್ ಗ್ಯಾಲರಿ.

ಮುಂದೆ ಹೆಸರಿನ ಜೊತೆಗಿರುವ ಆ ಅಕ್ಷರಗಳಿಗೆ ಬನ್ನಿ. ಇಲ್ಲಿ ಸ್ವಲ್ಪ ಇತಿಹಾಸ ಗೊತ್ತಿರಬೇಕು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನ ದೊಡ್ಡ ಕಲಾಸಂಸ್ಥೆಯಾದ ರಾಯಲ್ ಅಕಾಡೆಮಿಯಲ್ಲಿ ತೈಲವರ್ಣದ್ದೇ ದರ್ಬಾರು. ಬರೀ ಜಲವರ್ಣ ಮಾಡುವವರಿಗೆ ಅಲ್ಲಿ ಸದಸ್ಯತ್ವವೂ ಇಲ್ಲ. ಅದಕ್ಕೇ 1804ರ ನವೆಂಬರ್ 30ರಂದು ಹತ್ತು ಮಂದಿ ಕಲಾವಿದರು ಆಕ್ಸ್‌ಫರ್ಡ್ ಸ್ಟ್ರೀಟ್‌ನ ಒಂದು ಕಾಫಿ ಹೌಸ್‌ನಲ್ಲಿ ಸೇರಿ ತಮ್ಮದೇ ಸೊಸೈಟಿ ಕಟ್ಟಿಕೊಂಡರು. ವಿಲಿಯಂ ವೆಲ್ಸ್, ಜಾನ್ ವಾರ್ಲಿ, ಅವರ ತಮ್ಮ ಕಾರ್ನೀಲಿಯಸ್ ಎಲ್ಲ ಆ ಹತ್ತರಲ್ಲಿದ್ದರು. ಮುಂದಿನ ವರ್ಷವೇ ಪ್ರದರ್ಶನ. ಹೆಸರಿನ ವಿಷಯದಲ್ಲಿ ಅವರು ತುಂಬಾ ಕಟ್ಟುನಿಟ್ಟು. ಬೇರೆಯವರ ಚಿತ್ರಗಳನ್ನು ತನ್ನವೆಂದು ತೋರಿಸಿದ್ದಕ್ಕೆ ಜಾನ್ ಕ್ಲಾಡ್ ನ್ಯಾಟಿಸ್‌ನನ್ನು 1807ರಲ್ಲಿ ಹೊರಗೆ ಹಾಕಿದರು. ಅವನೂ ಸ್ಥಾಪಕರಲ್ಲಿ ಒಬ್ಬ! ಇದನ್ನು ನೆನೆದಾಗಲೆಲ್ಲ ಆ ಸೊಸೈಟಿಯ ಮೇಲೆ ನನಗೆ ಗೌರವ ಜಾಸ್ತಿಯಾಗುತ್ತದೆ.

"ರಾಯಲ್" ಎಂಬ ಮಾತು ಸೇರಿದ್ದು 1881ರಲ್ಲಿ. ಹಾಗಾಗಿ ಆರ್‌ಡಬ್ಲ್ಯೂಎಸ್ ಎಂದು ಬರೆದ ಚೀಟಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೆಲೆನ್ ಆಲಿಂಗ್‌ಹ್ಯಾಮ್ ಅವರನ್ನೇ ನೋಡಿ. ಹಳ್ಳಿಯ ಗುಡಿಸಲು, ಹೂದೋಟ ಬರೆದು ಹೆಸರಾದವರು. 1875ರಲ್ಲಿ ಅಸೋಸಿಯೇಟ್ ಆದರು. ಪೂರ್ಣ ಸದಸ್ಯತ್ವ ಸಿಕ್ಕಿದ್ದು 1890ರಲ್ಲಿ, ಅದೂ ಹೆಂಗಸರಲ್ಲಿ ಮೊದಲಿಗರಾಗಿ. ಹದಿನೈದು ವರ್ಷ ಕಾಯಬೇಕಾಯಿತು ನೋಡಿ, ಬೇಜಾರಾಗುತ್ತದೆ ಅಲ್ವಾ? ಆದರೆ ನಮ್ಮ ಲೆಕ್ಕಕ್ಕೆ ಇದು ಉಪಯೋಗಕ್ಕೆ ಬರುತ್ತದೆ. ಅವರ ಹೆಸರಿನ ಜೊತೆ ಎಆರ್‌ಡಬ್ಲ್ಯೂಎಸ್ ಇದ್ದರೆ ಚೀಟಿ ಬರೆದದ್ದು 1881ರಿಂದ 1890ರ ಒಳಗೆ.

ನೆನಪಿಡಿ, ಇದು ಚೀಟಿಯ ವಯಸ್ಸು. ಚಿತ್ರ ಇನ್ನೂ ಹಳೆಯದಿರಬಹುದು. ಅದಕ್ಕೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಇಂಗ್ಲೆಂಡಿನ ಹೆಸರಾಂತ ವಾಟ್‌ಮನ್ ಕಾಗದವಾದರೆ ಕೆಲವೊಮ್ಮೆ ನೀರ್ಗುರುತಿನಲ್ಲಿ (ಬೆಳಕಿಗೆ ಹಿಡಿದಾಗ ಕಾಗದದೊಳಗೆ ಕಾಣುವ ವಾಟರ್‌ಮಾರ್ಕ್) ಇಸವಿಯೇ ಇರುತ್ತದೆ. ಚಿತ್ರ ಆ ಇಸವಿಗಿಂತ ಮುಂಚಿನದಲ್ಲ.

ಹೆಸರಿನ ಜೊತೆ ಆರ್‌ಐ (ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಪೇಂಟರ್ಸ್ ಇನ್ ವಾಟರ್ ಕಲರ್ಸ್), ಆರ್‌ಬಿಎ (ರಾಯಲ್ ಸೊಸೈಟಿ ಆಫ್ ಬ್ರಿಟಿಷ್ ಆರ್ಟಿಸ್ಟ್ಸ್) ಅಂತಿದ್ದರೆ ಅವು ಬೇರೆ ಸಂಘಗಳು, ಗೊಂದಲ ಮಾಡಿಕೊಳ್ಳಬೇಡಿ.

ಸಹಿ ಅನುಮಾನವಾದರೆ ಇನ್ನೊಂದು ದಾರಿ ಇದೆ. ಸದಸ್ಯರೇ ಮತ ಹಾಕಿ ಹೊಸಬರನ್ನು ಆರಿಸುತ್ತಾರೆ. ಪೂರ್ಣ ಸದಸ್ಯರಾದವರು ತಮ್ಮದೊಂದು ಚಿತ್ರವನ್ನು ಸೊಸೈಟಿಗೆ ಕೊಡುವ ಪದ್ಧತಿ ಇದೆ. ಇವೆಲ್ಲ ಸೇರಿ ಡಿಪ್ಲೊಮಾ ಕಲೆಕ್ಷನ್ ಆಗಿದೆ. ನಿಮ್ಮ ಕಲಾವಿದರ ಚಿತ್ರ ಅದರಲ್ಲಿದ್ದರೆ ಎರಡೂ ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಕೊನೆಗೆ ಹೊಸ ಫ್ರೇಮ್ ಹಾಕುವಾಗ ಚೀಟಿಯನ್ನು ಪಾರದರ್ಶಕ ಪಾಲಿಯೆಸ್ಟರ್ ಲಕೋಟೆಯಲ್ಲಿಟ್ಟು ಹಿಂದಿನ ಹಲಗೆಗೆ ಸಿಕ್ಕಿಸಿ. ಚಿತ್ರ ಯಾರ ಮನೆಗೆ ಹೋದರೂ ಚೀಟಿ ಅದರ ಜೊತೆಗೇ ಹೋಗಬೇಕು.