ಬೇಸಿಗೆ ಬಂತೆಂದರೆ ಕೋಟೆ ಹೈಸ್ಕೂಲು ಮೈದಾನ

ಯುಗಾದಿ ಕಳೆದು ಬೆಂಗಳೂರಲ್ಲಿ ಬಿಸಿಲು ಏರತೊಡಗಿದರೆ ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತು ತಪ್ಪುತ್ತದೆ. ಕಾರಣ ನಾನೇ. ಆಫೀಸು ಮುಗಿದ ಕೂಡಲೇ ಮೆಟ್ರೋ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ ನಡೆದುಬಿಡುತ್ತೇನೆ. ಅಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ. ಎಸ್.ವಿ. ನಾರಾಯಣಸ್ವಾಮಿ ರಾವ್ ಇದನ್ನು 1939ರಲ್ಲಿ ಶುರು ಮಾಡಿದ್ದು. ಎರಡು ಮೂರು ದಿನದ ಮಾತಲ್ಲ, ಹೆಚ್ಚುಕಮ್ಮಿ ಒಂದು ತಿಂಗಳು. ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಎಲ್ಲರೂ ಹಾಡಿದ ವೇದಿಕೆ.

ಚೆನ್ನೈನವರಿಗೆ ಡಿಸೆಂಬರ್ ಸಂಗೀತದ ಸೀಸನ್ ಹೇಗೋ ನಮಗೆ ಇದು ಹಾಗೆ. ಅಲ್ಲಿ ಎಸಿ ಸಭಾಂಗಣ, ಇಲ್ಲಿ ಪೆಂಡಾಲು. ನನಗೆ ಪೆಂಡಾಲೇ ಸರಿ.

ಮೊದಲ ಎರಡು ವರ್ಷ ನಾನು ಮಾಡಿದ್ದು ಬರೀ ಹೆಸರಿನ ಬೇಟೆ. ಕಾರ್ಯಕ್ರಮದ ಪಟ್ಟಿ ಸಿಕ್ಕಿದ ಕೂಡಲೇ ದೊಡ್ಡ ಕಲಾವಿದರ ದಿನಗಳಿಗೆ ಗುರುತು ಹಾಕಿ, ಆ ದಿನ ಮಾತ್ರ ಹೋಗುತ್ತಿದ್ದೆ. ಜನಜಂಗುಳಿ. ಹಿಂದೆ ಎಲ್ಲೋ ನಿಂತು, ಮುಂದಿನವರ ತಲೆ ನೋಡಿಕೊಂಡು ವಾಪಸ್ಸು ಬರುತ್ತಿದ್ದೆ. ಕೇಳಿದ್ದು ಏನು ಅಂತ ಯಾರಾದರೂ ಕೇಳಿದ್ದರೆ ಹಾಡಿದವರ ಹೆಸರು ಹೇಳಬಹುದಿತ್ತು, ಅಷ್ಟೇ.

ಬದಲಾಗಿದ್ದು ಒಂದು ಮಂಗಳವಾರ. ನಾನು ಹೆಸರೇ ಕೇಳಿರದ ಗಾಯಕಿ, ಅರ್ಧಕ್ಕರ್ಧ ಕುರ್ಚಿ ಖಾಲಿ. ಪಕ್ಕದಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರು ತೊಡೆ ಮೇಲೆ ತಾಳ ಹಾಕುತ್ತಾ ಕೂತಿದ್ದರು. ಆಲಾಪನೆ ಶುರುವಾಯಿತು. ಜಾಣತನ ತೋರಿಸೋಣ ಅಂತ, "ಆರಭಿ ಅಲ್ವಾ ಸರ್?" ಅಂದೆ. ಅವರು ತಿರುಗಿಯೂ ನೋಡದೆ, "ದೇವಗಾಂಧಾರಿ. ಆರಭಿ ಓಡುತ್ತೆ, ಇದು ತೂಗುತ್ತೆ. ಸುಮ್ನೆ ಕೇಳಿ" ಅಂದರು. ಎರಡೂ ರಾಗಕ್ಕೆ ಸ್ವರಗಳು ಅವೇ, ಏರುವ ದಾರಿ ಇಳಿಯುವ ದಾರಿಯೂ ಅದೇ. ವ್ಯತ್ಯಾಸ ಇರುವುದು ನಡೆಯಲ್ಲಿ. ಒಂದು ಸರಸರನೆ ನೇರವಾಗಿ ಹೋಗುತ್ತದೆ, ಇನ್ನೊಂದು ಸ್ವರದ ಮೇಲೆ ನಿಂತು ಓಲಾಡುತ್ತದೆ. ಪುಸ್ತಕದಲ್ಲಿ ಓದಿದ್ದರೆ ತಲೆಗೆ ಹತ್ತುತ್ತಿರಲಿಲ್ಲ. ಅವತ್ತು ಮುಖ ಕೆಂಪಾಗಿದ್ದಕ್ಕೇ ಏನೋ, ನೆನಪಲ್ಲಿ ಉಳಿಯಿತು.

ಅಲ್ಲಿಂದ ಮುಂದೆ ಹೆಸರಿಲ್ಲದ ದಿನಗಳಿಗೇ ಹೋಗತೊಡಗಿದೆ. ಬೇಕಾದ ಕುರ್ಚಿ ಸಿಗುತ್ತದೆ. ನನ್ನ ಕುರ್ಚಿ ಎಡಗಡೆ, ಮೃದಂಗದವರು ಕೂರುವ ಕಡೆ. ಜೇಬಲ್ಲಿ ಒಂದು ಚಿಕ್ಕ ಪುಸ್ತಕ. ಹಾಡು ಶುರುವಾದ ಕೂಡಲೇ ರಾಗ ಯಾವುದು ಅಂತ ನನ್ನ ಊಹೆ ಬರೆಯುತ್ತೇನೆ. ಫೋನ್ ತೆಗೆದು ಹುಡುಕುವುದಿಲ್ಲ, ಅದು ಮನೆಗೆ ಹೋದ ಮೇಲೆ. ತಪ್ಪಾಗಿದ್ದರೆ ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾದದ್ದು. ಮೊದಲ ವರ್ಷದ ಪುಟಗಳು ನೋಡುವ ಹಾಗಿಲ್ಲ ಬಿಡಿ.

ಎಡಗಡೆ ಕೂತ ಮೇಲೆ ಕಣ್ಣಿಗೆ ಬಿದ್ದದ್ದು ರವೆ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತುತ್ತಾರೆ, ಆ ಗುಂ ಅನ್ನುವ ನಾದ ಬರುವುದು ಅದರಿಂದ. ಏಪ್ರಿಲ್ ಸೆಕೆಗೆ ಅದು ಬೇಗ ಒಣಗುತ್ತದೆ. ಹಾಡಿನ ಮಧ್ಯೆ ಬೆರಳು ಒದ್ದೆ ಮಾಡಿ ಸವರಿಕೊಳ್ಳುತ್ತಾರೆ. ಬಲಮುಖದ ಕಥೆ ಬೇರೆ, ಅದಕ್ಕೆ ಮಳೆಯ ಕಾಟ. ಬೆಂಗಳೂರಿನ ಬೇಸಿಗೆ ಗೊತ್ತಲ್ಲ, ಅಶ್ವಿನಿ, ಭರಣಿ ಮಳೆ ಬರುವುದು ಸಂಜೆಗೇ. ಒಮ್ಮೆ ಕೃತಿ ಅರ್ಧಕ್ಕೆ ಬಂದಾಗ ಸುರಿಯತೊಡಗಿತು. ತಂಪು ಗಾಳಿಗೆ ಚರ್ಮ ಸಡಿಲವಾಗಿ ಶ್ರುತಿ ಇಳಿಯಿತು. ಮೃದಂಗದ ಹುಡುಗ ಒಂದು ಕೈಯಲ್ಲಿ ನುಡಿಸುತ್ತಲೇ ಇನ್ನೊಂದು ಕೈಗೆ ಕಲ್ಲು ತೆಗೆದುಕೊಂಡು, ಸಾಲಿನ ಮಧ್ಯೆ ಸಿಕ್ಕ ಬಿಡುವಲ್ಲೇ ಟಕ್ ಟಕ್ ಅಂತ ಅಂಚಿಗೆ ಬಡಿದು ಸರಿ ಮಾಡಿಕೊಂಡ. ಗಾಯಕರು ಅವನತ್ತ ನೋಡಿ ನಕ್ಕು, ಅದೇ ಸಾಲನ್ನು ಇನ್ನೆರಡು ಸಲ ಹಾಡಿದರು. ಅವನಿಗೆ ಟೈಮ್ ಕೊಡಲಿಕ್ಕೆ ಅಂತ ನನಗೆ ಹೊಳೆದದ್ದು ಬಸ್ಸಲ್ಲಿ. ಎಸಿ ಹಾಲ್‌ನಲ್ಲಿ ಇದನ್ನೆಲ್ಲ ಎಲ್ಲಿ ನೋಡುವುದು?

ಇನ್ನೊಂದು ಮಾತು. ಹಾಡು ನಿಂತು ಬರೀ ತಾಳವಾದ್ಯದವರು ನುಡಿಸುವ ತನಿ ಆವರ್ತನ ಶುರುವಾದರೆ ಜನ ಎದ್ದು ಕಾಫಿಗೆ ಹೋಗುತ್ತಾರೆ. ನಾನೂ ಹೋಗುತ್ತಿದ್ದೆ. ಈಗ ಹೋಗುವುದಿಲ್ಲ. ಆದಿತಾಳದ ಎಂಟು ಎಣಿಕೆ ಕೈಗೆ ಬಂದರೆ ಸಾಕು, ತನಿ ಎಷ್ಟು ಮಜಾ ಅಂತ ಗೊತ್ತಾಗುತ್ತದೆ: ಒಂದು ತಟ್ಟು, ಮೂರು ಬೆರಳು, ಆಮೇಲೆ ತಟ್ಟಿ ಕೈ ತಿರುಗಿಸುವುದು ಎರಡು ಸಲ. ನಾನು ಕಲಿತದ್ದು ಪಕ್ಕದವರ ತೊಡೆ ನೋಡಿ.

ರಾಮನವಮಿಯ ದಿನ ಮಾತ್ರ ಮನೆಯವರನ್ನೆಲ್ಲ ಕರೆದುಕೊಂಡು ಹೋಗುತ್ತೇನೆ. ಬೆಲ್ಲದ ಪಾನಕ, ಹೆಸರುಬೇಳೆ ಕೋಸಂಬರಿ ಮನೆಯಲ್ಲೇ ಮುಗಿಸಿ ಹೊರಡುತ್ತೇವೆ. ಮಂಗಳ ಆದ ಮೇಲೆ ವಿ.ವಿ. ಪುರಂ ತಿಂಡಿ ಬೀದಿ ಇದ್ದೇ ಇದೆ. 2020ರಲ್ಲಿ ಲಾಕ್‌ಡೌನ್. ಏಪ್ರಿಲ್ 2ಕ್ಕೆ ರಾಮನವಮಿ ಬಂತು, ಪಾನಕ ಕುಡಿದು ಏಳು ಗಂಟೆಗೇ ಊಟಕ್ಕೆ ಕೂತೆವು. ನನ್ನ ಹೆಂಡತಿಗೇ ಬೇಜಾರಾಯಿತು ಅಂದರೆ ನೋಡಿ.

ಕಳೆದ ವರ್ಷ ಹನ್ನೊಂದು ದಿನ ಹೋಗಿದ್ದೆ. ಪುಸ್ತಕದಲ್ಲಿ ದೇವಗಾಂಧಾರಿ ಎರಡು ಕಡೆ ಇದೆ. ಒಂದು ಕಡೆ ಸರಿ. ಇನ್ನೊಂದು ಕಡೆ ಆರಭಿ ಅಂತ ಬರೆದು ಹೊಡೆದು ಹಾಕಿದ್ದೇನೆ.