ಮೋಲ್ಡ್ ದಿನ ಇಂಜಿನಿಯರ್ ಎಲ್ಲಿ ನಿಂತಿರಬೇಕು?

ಕಾಲೇಜು ಮುಗಿಸಿ ಮೊದಲ ಸಲ ಸೈಟಿಗೆ ಬರುವ ಸಿವಿಲ್ ಹುಡುಗ ಹುಡುಗಿಯರು ಮೋಲ್ಡ್ ದಿನ, ಅಂದರೆ ಚಾವಣಿಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ದಿನ, ಸಾಮಾನ್ಯವಾಗಿ ಮೇಲೆ, ಕಾಂಕ್ರೀಟ್ ಹೊರುವ ಸೆಂಟ್ರಿಂಗ್ ಶೀಟಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ನಿಂತಿರುತ್ತಾರೆ. ನಾನೂ ಹಾಗೇ ನಿಂತಿದ್ದೆ. ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: ಕೆಳಗಿಳಿಯಿರಿ, ಮಿಕ್ಸರ್ ಪಕ್ಕದ ನೀರಿನ ಡ್ರಮ್ ಹತ್ತಿರ ನಿಲ್ಲಿ. ಮೇಲೆ ನೋಡಬೇಕಾದ್ದನ್ನು ಆದಷ್ಟು ಹಿಂದಿನ ದಿನವೇ ನೋಡಿ ಮುಗಿಸಿರಬೇಕು. ಕಾಂಕ್ರೀಟ್ ಕೆಡುವುದು ಜಾಸ್ತಿ ಆ ಡ್ರಮ್ ಹತ್ತಿರವೇ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಬೆಂಗಳೂರಿನ 30-40 ಸೈಟು, 900 ಚದರಡಿ ಮೋಲ್ಡ್, 5 ಇಂಚು ದಪ್ಪ, ಎಂ20 ಗ್ರೇಡು, ಸೈಟಲ್ಲೇ ಕಲಸುವ ಕಾಂಕ್ರೀಟು. ಎಂ20 ಅಂದರೆ ಪರೀಕ್ಷೆಗೆ ಅಂತ ಅಚ್ಚಿನಲ್ಲಿ ತುಂಬಿಟ್ಟ 150 ಮಿ.ಮೀ. ಕಾಂಕ್ರೀಟ್ ಕ್ಯೂಬು 28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 20 ನ್ಯೂಟನ್ ತಡೆಯಬೇಕು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಆರ್‌ಸಿಸಿಗೆ ಇದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. 900 ಚದರಡಿ ಅಂದರೆ ಸುಮಾರು 84 ಚದರ ಮೀಟರ್. ಅದನ್ನು 0.125 ಮೀಟರ್ ದಪ್ಪದಿಂದ ಗುಣಿಸಿದರೆ ಹತ್ತೂವರೆ ಘನ ಮೀಟರ್. ಬೀಮಿನ ಲೆಕ್ಕ ಬೇರೆ. ಸಿಮೆಂಟು ಒಂದು, ಮರಳು ಒಂದೂವರೆ, ಜಲ್ಲಿ ಮೂರು ಅಳತೆಯಲ್ಲಿ ಕಲಸಿದರೆ ಒಂದು ಘನ ಮೀಟರಿಗೆ 8 ಮೂಟೆ ಸಿಮೆಂಟು ಬೇಕು, ಹಾಗಾಗಿ ಮೋಲ್ಡಿಗಷ್ಟೇ 84 ಮೂಟೆ. ಸಂಜೆ ಖಾಲಿ ಚೀಲ ಎಣಿಸಿ. ಬೀಮೂ ಸೇರಿ 70 ಚೀಲ ಮಾತ್ರ ಸಿಕ್ಕರೆ ಎಲ್ಲೋ ಕೈ ಆಡಿದೆ ಅಂತಲೇ ಅರ್ಥ.

ಈಗ ನೀರು. ಸಿಮೆಂಟು ಗಟ್ಟಿಯಾಗುವಾಗ ಅದರ ಜೊತೆ ನಿಜವಾಗಿ ಸೇರಿಕೊಳ್ಳುವ ನೀರು ಸಿಮೆಂಟಿನ ತೂಕದ ಸುಮಾರು ಕಾಲು ಭಾಗ, ಅಷ್ಟೇ. ಮಿಕ್ಕಿದ್ದೆಲ್ಲ ಕಲಸಲು, ಎಳೆಯಲು, ಮಟ್ಟ ಮಾಡಲು ಅನುಕೂಲ ಆಗಲಿ ಅಂತ ಹಾಕುವ ನೀರು. ಅದು ಆಮೇಲೆ ಆರಿ ಹೋಗುತ್ತದೆ, ಆದರೆ ಅದು ಕೂತಿದ್ದ ಜಾಗ ತೂತಾಗಿ ಉಳಿಯುತ್ತದೆ. ಆ ತೂತುಗಳಿಂದಲೇ ಶಕ್ತಿ ಕಡಿಮೆ, ಅವುಗಳಿಂದಲೇ ಮಳೆಗಾಲದಲ್ಲಿ ಸೀಲಿಂಗ್ ಒದ್ದೆ. ಎಂ20ಗೆ ನೀರು-ಸಿಮೆಂಟ್ ಅನುಪಾತ 0.55 ದಾಟಬಾರದು, ಅಂದರೆ 50 ಕೆಜಿಯ ಒಂದು ಮೂಟೆಗೆ 27 ಲೀಟರ್ ಚಿಲ್ಲರೆ.

ಹಾಗಂತ 27 ಲೀಟರ್ ಅಳೆದು ಸುರಿದರೂ ತಪ್ಪಾಗುತ್ತದೆ, ಯಾಕೆಂದರೆ ಮರಳು ಆಗಲೇ ನೀರು ಕುಡಿದು ಕೂತಿರುತ್ತದೆ. ಒಂದು ಮೂಟೆಗೆ ಹೋಗುವ ಮರಳು ಸುಮಾರು 80 ಕೆಜಿ. ಹಿಂದಿನ ರಾತ್ರಿ ಮಳೆ ಬಂದು ಎಂ-ಸ್ಯಾಂಡಿನಲ್ಲಿ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ನೂರಕ್ಕೆ 5ರಷ್ಟು ತೇವ ಇದ್ದರೆ ಅದರಲ್ಲೇ 4 ಲೀಟರ್ ನೀರಿದೆ, ಆದ್ದರಿಂದ ನೀವು ಹಾಕಬೇಕಾದ್ದು 23. ಇನ್ನೊಂದು ಕಿರಿಕಿರಿ ಅಂದರೆ ಒದ್ದೆ ಮರಳು ಉಬ್ಬುತ್ತದೆ. ಬಾಕ್ಸ್ ತುಂಬಿದಂತೆ ಕಂಡರೂ ಒಳಗೆ ಮರಳು ಕಡಿಮೆ ಇರುತ್ತದೆ. ಪರೀಕ್ಷೆ ಬಹಳ ಸುಲಭ. ನೇರ ಗಾಜಿನ ಲೋಟದಲ್ಲಿ 15 ಸೆಂ.ಮೀ. ಒದ್ದೆ ಮರಳು ಹಾಕಿ, ನೀರು ತುಂಬಿಸಿ, ಕಡ್ಡಿಯಲ್ಲಿ ಕಲಕಿ, ಕೂರಲು ಬಿಡಿ. ಮರಳು 12ಕ್ಕೆ ಇಳಿದರೆ ನೂರಕ್ಕೆ 25 ಉಬ್ಬಿತ್ತು ಅಂತ ಅರ್ಥ, ಹಾಗಾಗಿ ಒಂದೂವರೆ ಬಾಕ್ಸ್ ಬದಲು ಹೆಚ್ಚು ಕಡಿಮೆ ಎರಡು ಬಾಕ್ಸ್ ಹಾಕಿಸಬೇಕು. ಬಾಕ್ಸ್ ಅಂದೆ, ಬಾಂಡ್ಲಿ ಅಲ್ಲ. 35 ಲೀಟರ್ ಹಿಡಿಯುವ ಅಳತೆ ಬಾಕ್ಸು ಒಂದು ಮೂಟೆ ಸಿಮೆಂಟಿಗೆ ಸಮ. ಬಾಂಡ್ಲಿ ಬೆಳಗ್ಗೆ ರಾಶಿಯಾಗಿ ತುಂಬುತ್ತದೆ, ಊಟದ ಹೊತ್ತಿಗೆ ಅರ್ಧ ಆಗುತ್ತದೆ.

ನೀರಿಗೆ ನಾನು ಮಾಡುವುದು ಒಂದು ಸಣ್ಣ ಕೆಲಸ. ಸೈಟಿನಲ್ಲಿರುವ ಬಕೆಟ್ಟಿಗೆ ಲೀಟರ್ ಬಾಟಲಿಯಲ್ಲಿ ನೀರು ಅಳೆದು ಹಾಕಿ, 10 ಲೀಟರಿಗೆ ಒಳಗಡೆ ಕೆಂಪು ಪೇಂಟಲ್ಲಿ ಗೆರೆ ಎಳೆಯುತ್ತೇನೆ. ಮಿಕ್ಕ ಬಕೆಟ್ಟುಗಳನ್ನೆಲ್ಲ ಕ್ಯೂರಿಂಗ್ (ಹಾಕಿದ ಕಾಂಕ್ರೀಟಿಗೆ ನೀರುಣಿಸುವ) ಕಡೆಗೆ ಕಳಿಸಿಬಿಡುತ್ತೇನೆ. ಗೆರೆ ಇದ್ದರೆ ಜಗಳ ಕಡಿಮೆ. ಹನ್ನೊಂದು ಗಂಟೆ ಬಿಸಿಲಿಗೆ ಮೇಸ್ತ್ರಿ ಬಂದೇ ಬರುತ್ತಾರೆ: "ಸಾರ್, ಇಷ್ಟು ಗಟ್ಟಿ ಇದ್ರೆ ಹುಡುಗ್ರಿಗೆ ಎಳೆಯೋಕಾಗಲ್ಲ, ಇನ್ನರ್ಧ ಬಕೆಟ್ ಬಿಡ್ಲಾ?" ಅವರ ಕಷ್ಟ ಸುಳ್ಳಲ್ಲ, ಎಂ-ಸ್ಯಾಂಡಿನ ಕಾಂಕ್ರೀಟು ನಿಜಕ್ಕೂ ಒರಟು. ಅದಕ್ಕೆ ಸುಮ್ನೆ ಬೇಡ ಅನ್ನುವುದಲ್ಲ, ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ಪ್ಲಾಸ್ಟಿಸೈಜರ್ ಕ್ಯಾನನ್ನು ಮೊದಲೇ ತರಿಸಿಟ್ಟಿರಬೇಕು, ಅದರ ಮೇಲೆ ಬರೆದಷ್ಟೇ ಹಾಕಬೇಕು. ಅದೂ ಇಲ್ಲ ಅಂದರೆ ನೀರಿನ ಜೊತೆ ಅದೇ ಲೆಕ್ಕದಲ್ಲಿ ಸಿಮೆಂಟೂ ಹೋಗಬೇಕು: ಒಂದು ಲೀಟರಿಗೆ ಸುಮಾರು 2 ಕೆಜಿ. ಇದನ್ನು ಹೇಳಿದ ತಕ್ಷಣ ಓನರ್ ಮುಖ ನೋಡಿ.

ರೆಡಿಮಿಕ್ಸ್ ಆದರೆ ಡ್ರಮ್ಮಿನ ಬದಲು ಲಾರಿ ಹತ್ತಿರ ನಿಲ್ಲಿ. ಚಲನ್‌ನಲ್ಲಿ ಗ್ರೇಡು ಮತ್ತು ಲೋಡ್ ಮಾಡಿದ ಸಮಯ ಓದಿ. ಎರಡು ಗಂಟೆಯೊಳಗೆ ಖಾಲಿ ಆಗಬೇಕು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಅದರಲ್ಲಿ ಅರ್ಧ ತಿಂದಿರುತ್ತದೆ. ಡ್ರೈವರ್ ಪೈಪ್ ಹಿಡಿದು ಲಾರಿಯ ಡ್ರಮ್ಮಿಗೆ ನೀರು ಬಿಡಲು ಹೊರಟರೆ ತಡೆಯಿರಿ.

ಹಿಂದಿನ ದಿನದ ವಿಷಯಕ್ಕೆ ಬರೋಣ. ಕಂಬಿಯ ಲಾರಿ ಬಂದಾಗಲೇ ತೂಕ ನೋಡಿರಬೇಕು: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. 12 ಮಿ.ಮೀ. ಕಂಬಿ ಮೀಟರಿಗೆ 0.888, ಹನ್ನೆರಡು ಮೀಟರಿನ ಒಂದು ಕಂಬಿಗೆ ಹತ್ತೂ ಮುಕ್ಕಾಲು ಕೆಜಿ ಹತ್ತಿರ. ಕಂಬಿಗೂ ಶೀಟಿಗೂ ನಡುವೆ ಅಂತರ ಇಡುವ ಕವರ್ ಬ್ಲಾಕು ಸ್ಲ್ಯಾಬಿಗೆ 20 ಮಿ.ಮೀ., ಬೀಮಿಗೆ 25, ಕಾಲಮ್ಮಿಗೆ 40, ಫುಟಿಂಗಿಗೆ 50. ಜಲ್ಲಿ ಚೂರು ಸಿಕ್ಕಿಸಿ ಕವರ್ ಕೊಟ್ಟಿದ್ದೇವೆ ಅಂದರೆ ಒಪ್ಪಬೇಡಿ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ತಾಗಿದ ಕೂಡಲೇ ಅದು ಜಾರುತ್ತದೆ.

ಆದರೆ ಆ ಹಿಂದಿನ ದಿನ ಜಾಸ್ತಿ ಹೊತ್ತು ನಿಲ್ಲಬೇಕಾದ್ದು ಬಾಲ್ಕನಿ ಮತ್ತು ಸಜ್ಜಾ ಹತ್ತಿರ. ಒಂದೇ ಕಡೆ ಆಧಾರ ಇರುವ ಇಂಥ ಕ್ಯಾಂಟಿಲಿವರಿನಲ್ಲಿ ಮುಖ್ಯ ಕಂಬಿ ಮೇಲೆ ಇರಬೇಕು, ಪಾಠ ಎಲ್ಲರಿಗೂ ಗೊತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಮೂರೂವರೆ ಅಡಿ ಬಾಲ್ಕನಿಯೊಂದಕ್ಕೆ ಡ್ರಾಯಿಂಗ್ ಪ್ರಕಾರ ಮೇಲೆಯೇ ಕಟ್ಟಿಸಿದ್ದೆ, ಫೋಟೋ ಕೂಡ ತೆಗೆದಿದ್ದೆ. ಮೇಲಿನ ಕಂಬಿ ಇಳಿಯದಂತೆ ಎತ್ತಿ ಹಿಡಿಯುವ ಚೇರ್ ಮಾತ್ರ ಎರಡೇ ಎರಡು. ಮೋಲ್ಡ್ ದಿನ ಬಾಂಡ್ಲಿ ಹೊತ್ತ ಹುಡುಗರು ಬೆಳಗ್ಗಿಂದ ಸಂಜೆವರೆಗೂ ಆ ಕಂಬಿ ತುಳಿದುಕೊಂಡೇ ಓಡಾಡಿದರು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಗೋಡೆಗೆ ಸೇರುವ ಕಡೆ ಮೇಲ್ಭಾಗದಲ್ಲಿ ಉದ್ದಕ್ಕೂ ಬಿರುಕು, ಉಗುರು ತೂರುವಷ್ಟು. ಒಡೆದು ನೋಡಿದರೆ ಕಂಬಿ ದಪ್ಪದ ನಡುವಿಗೆ ಇಳಿದು ಕೂತಿತ್ತು. 5 ಇಂಚಿನ ಸ್ಲ್ಯಾಬಿನಲ್ಲಿ ಕೆಳಗಿನಿಂದ 100 ಮಿ.ಮೀ. ಎತ್ತರದಲ್ಲಿರಬೇಕಾದ ಕಂಬಿ 50ಕ್ಕೆ ಇಳಿದರೆ ತಡೆಯುವ ಶಕ್ತಿ ಹೆಚ್ಚು ಕಡಿಮೆ ಅರ್ಧ ಆಗುತ್ತದೆ, ಎಂಥಾ ಒಳ್ಳೆ ಕಾಂಕ್ರೀಟ್ ಹಾಕಿದ್ದರೂ ಅಷ್ಟೇ. ಆ ಬಾಲ್ಕನಿ ಪೂರ್ತಿ ಒಡೆಸಿದೆವು. ಆಗಿನಿಂದ ಎರಡು ಎರಡೂವರೆ ಅಡಿಗೆ ಒಂದು ಚೇರ್, ಓಡಾಡಲು ಹಲಗೆ, ಮತ್ತೆ ಬಾಲ್ಕನಿಗೆ ಕಾಂಕ್ರೀಟ್ ಬೀಳುವ ಆ ಅರ್ಧ ಗಂಟೆ ಮಾತ್ರ ಡ್ರಮ್ ಬಿಟ್ಟು ನಾನೇ ಮೇಲೆ ಹತ್ತುತ್ತೇನೆ.

ಕಾಲಮ್ ಬಗ್ಗೆ ಒಂದೆರಡು ಮಾತು. ಒಂದೂವರೆ ಮೀಟರಿಗಿಂತ ಎತ್ತರದಿಂದ ಕಾಂಕ್ರೀಟ್ ಸುರಿಯಬೇಡಿ, ಜಲ್ಲಿ ಕೆಳಗೆ, ಸಿಮೆಂಟ್ ಹಾಲು ಮೇಲೆ ಆಗುತ್ತದೆ. ವೈಬ್ರೇಟರ್ ನೀಡಲ್ಲನ್ನು ನೆಟ್ಟಗೆ ಬೇಗ ಇಳಿಸಿ, ಗಾಳಿಗುಳ್ಳೆ ನಿಂತ ಮೇಲೆ ನಿಧಾನ ಎತ್ತಿ. ಕಂಬಿಗೆ ತಾಗಿಸಿ ಅಲ್ಲಾಡಿಸುವುದು ಬೇಡ. ಶೀಟ್ ಬಿಚ್ಚಿದಾಗ ಬುಡದಲ್ಲಿ ಹನಿಕೋಂಬ್, ಅಂದರೆ ಜೇನುಗೂಡಿನಂಥ ತೂತುಗಳು, ಕಂಡರೆ ನೀವು ನೋಡುವ ಮೊದಲೇ ಸಿಮೆಂಟ್ ಸವರಿಬಿಡುತ್ತಾರೆ, ಅದಕ್ಕೇ ಬಿಚ್ಚುವ ಹೊತ್ತಿಗೆ ಅಲ್ಲಿರಿ.

ಕ್ಯೂಬ್ ವಿಷಯದಲ್ಲಿ ಎಲ್ಲರೂ ಮಾಡುವ ಕಳ್ಳಾಟ ಒಂದೇ: ಬೆಳಗ್ಗೆ ಮೊದಲ ಬ್ಯಾಚಿನಿಂದ, ಎರಡು ಹಿಡಿ ಸಿಮೆಂಟ್ ಜಾಸ್ತಿ ಹಾಕಿ ತುಂಬುವುದು. ರಿಪೋರ್ಟ್ ಚೆನ್ನಾಗಿರುತ್ತದೆ, ಮೋಲ್ಡ್ ಹೇಗಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. 6ರಿಂದ 15 ಘನ ಮೀಟರ್ ಕೆಲಸಕ್ಕೆ ಎರಡು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬ್. ಒಂದನ್ನು ಊಟದ ನಂತರದ ಬ್ಯಾಚಿನಿಂದ ತೆಗೆಯಿರಿ. ಕೈಯಲ್ಲಿ ತುಂಬಿದರೆ ಮೂರು ಪದರ, ಪದರಕ್ಕೆ 35 ಸಲ ಕುಟ್ಟಬೇಕು. ತಾರೀಖನ್ನು ಹಸಿ ಇರುವಾಗಲೇ ಮೊಳೆಯಲ್ಲಿ ಗೀಚಿ, ಚಾಕ್‌ಪೀಸ್ ನೀರಲ್ಲಿ ಅಳಿಸಿ ಹೋಗುತ್ತದೆ. 7 ದಿನಕ್ಕೇ ಅಂದಾಜು ಬೇಕಿದ್ದರೆ ಇನ್ನೂ ಮೂರು ಜಾಸ್ತಿ ತುಂಬಿಸಿ, ಆಗ ಮೂರನೇ ಎರಡು ಭಾಗದಷ್ಟು ಶಕ್ತಿ ಬಂದಿದ್ದರೆ ಸಮಾಧಾನ.

ಮಾರ್ಚ್-ಏಪ್ರಿಲ್ ಬಿಸಿಲಲ್ಲಿ ಹಾಕಿದ ಮೋಲ್ಡಿಗೆ ಸಂಜೆಯೊಳಗೇ ಕೂದಲೆಳೆ ಬಿರುಕು ಬರುತ್ತದೆ. ಮಟ್ಟ ಮಾಡಿದ ತಕ್ಷಣ ಪ್ಲಾಸ್ಟಿಕ್ ಹೊದಿಸಿ, ಮೇಲ್ಮೈ ಗಟ್ಟಿಯಾದ ಮೇಲೆ ಒದ್ದೆ ಗೋಣಿಚೀಲ. ಮರುದಿನ ಗಾರೆಯಲ್ಲಿ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಈಗ ಮನೆ ಕೆಲಸಕ್ಕೆ ಹೆಚ್ಚಾಗಿ ಬರುವುದು ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು, ಅದಕ್ಕೆ ಕನಿಷ್ಠ 10 ದಿನ, ಬೇಸಿಗೆಯಲ್ಲಿ 14. ಏಳು ದಿನದ ಲೆಕ್ಕ ಬೂದಿ ಬೆರೆಸದ ಓಪಿಸಿಗೆ.

ಸೆಂಟ್ರಿಂಗ್ ಬಿಚ್ಚಲು ಬಾಡಿಗೆಯವರ ಫೋನು ನಾಲ್ಕನೇ ದಿನವೇ ಶುರುವಾಗುತ್ತದೆ. ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಜಾಕಿ (ಕೆಳಗಿಟ್ಟ ಊರುಗೋಲು) 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14, ಆರು ಮೀಟರ್ ದಾಟಿದ ಬೀಮಿಗೆ 21. ಇದೂ ಓಪಿಸಿಯ ಲೆಕ್ಕವೇ, ಪಿಪಿಸಿ ಆದರೆ ಇನ್ನಷ್ಟು ದಿನ ಬಿಡಿ. ಬಿಚ್ಚುವ ದಿನ ಜಾಕಿ ತೆಗೆಯುವ ಕ್ರಮವನ್ನು ಹುಡುಗರಿಗೆ ಬೆರಳಲ್ಲಿ ತೋರಿಸಿ ಹೇಳಿ: ರೂಮಿನ ಸ್ಲ್ಯಾಬಿಗೆ ನಡುವಿನಿಂದ ಶುರು ಮಾಡಿ ಗೋಡೆ ಕಡೆಗೆ, ಬಾಲ್ಕನಿಗೆ ಹೊರ ತುದಿಯಿಂದ ಗೋಡೆ ಕಡೆಗೆ. ಬಾಲ್ಕನಿಯ ಗೋಡೆ ಬದಿಯ ಜಾಕಿ ಮೊದಲು ತೆಗೆದು ತುದಿಯದನ್ನು ಹಾಗೇ ಬಿಟ್ಟರೆ ಸ್ಲ್ಯಾಬು ಎರಡೂ ಕಡೆ ಆಧಾರ ಇದ್ದಂತೆ ಬಾಗುತ್ತದೆ, ಅಲ್ಲಿ ಕೆಳಗಡೆ ಕಂಬಿ ಇರುವುದಿಲ್ಲ ಅಲ್ವಾ?